ಐವತ್ತೆಂಟು ಪರ್ಸೆಂಟಿನ ಸುಳ್ಳು

ಈ ಸಲವೂ ಐವತ್ತೆಂಟಕ್ಕೇ ಆರಿಹೋಯಿತು.

ಪರಿಮಳಾ ಕಪ್ಪಾದ ಪರದೆಯನ್ನು ಒಂದು ಕ್ಷಣ ನೋಡಿದಳು. ಆಮೇಲೆ ಬಾಯಿಗೆ ಬಂದದ್ದನ್ನೆಲ್ಲ ಬೈದಳು. ಬೆಳಿಗ್ಗೆ ಏಳರಿಂದ ಒಂದೇ ಕೈಯಲ್ಲಿ ಕುಟ್ಟಿದ ಲಗ್ನಪತ್ರಿಕೆ ಅದು. ಎರಡೂ ಮನೆಯ ಅಜ್ಜ ಅಜ್ಜಿಯರು, ಸೋದರಮಾವಂದಿರು, ಊಟದ ಹೊತ್ತು, ಉಡುಗೊರೆ ಬೇಡವೆಂಬ ಕೊನೆಯ ಸಾಲು, ಎಲ್ಲ ಹೋಯಿತು. ಬ್ಯಾಟರಿ ಅರ್ಧಕ್ಕಿಂತ ಹೆಚ್ಚು ಇದೆಯೆಂದು ನಂಬಿ ಸೇವ್ ಮಾಡಿರಲಿಲ್ಲ.

ಬಲಗಡೆಯ ಹಾಸಿಗೆಯಿಂದ ಸಣ್ಣ ನಗು ಕೇಳಿಸಿತು.

ಅವಳು ತಿರುಗಿ ನೋಡಲಿಲ್ಲ. ಆ ಮನುಷ್ಯನ ಮೇಲೆ ಅವಳಿಗೆ ಮೊದಲೇ ಸಿಟ್ಟಿತ್ತು. ಮೂರು ವಾರದ ಹಿಂದೆ, ಅವನು ಈ ಪಾಳಿಗೆ ಬಂದ ಮೊದಲ ದಿನವೇ, ಅವಳು ಗೋಡೆಯ ಪ್ಲಗ್ಗಿಗೆ ಚಾರ್ಜರ್ ಹಾಕಲು ಹೋದಾಗ “ತೆಗೀರಿ ಅದನ್ನ” ಎಂದು ಗದರಿದವನು. ಹೆಸರು ಉಲ್ಲಾಸನಂತೆ. ಹೆಸರಿಗೂ ಮುಖಕ್ಕೂ ಸಂಬಂಧವಿಲ್ಲ ಎಂದು ಅವಳು ಅಂದೇ ತೀರ್ಮಾನಿಸಿದ್ದಳು.

ಶಿರಸಿ ಪೇಟೆಯ ಅಂಚಿನಲ್ಲಿ, ಮಹಡಿಯ ಮೇಲೆ ಆರು ಹಾಸಿಗೆಯ ಡಯಾಲಿಸಿಸ್ ಸೆಂಟರ್ ಅದು. ಸೋಮವಾರ, ಬುಧವಾರ, ಶುಕ್ರವಾರ, ಬೆಳಿಗ್ಗೆ ಏಳರಿಂದ ಹನ್ನೊಂದು. ಪರಿಮಳಾ ಸಿದ್ದಾಪುರದಿಂದ ಮೊದಲ ಬಸ್ಸಿಗೆ ಬರುತ್ತಾಳೆ. ವಯಸ್ಸು ಮೂವತ್ತೈದು, ಕಿಡ್ನಿ ಕೈಕೊಟ್ಟು ಎರಡು ವರ್ಷ. ಊರಿನ ಪ್ರೆಸ್ಸಿಗೆ ಮದುವೆ, ಮುಂಜಿ, ವೈಕುಂಠ ಸಮಾರಾಧನೆಯ ಕಾಗದಗಳನ್ನು ಟೈಪ್ ಮಾಡಿ ಕೊಡುವುದು ಅವಳ ಕೆಲಸ. ವಿಂಡೋಸ್ ಹಾಕಿದರೆ ಎದ್ದೇಳುವುದಕ್ಕೇ ಅರ್ಧ ತಾಸು ಹಿಡಿಯುತ್ತಿದ್ದ ಈ ಹಳೆಯ ಲ್ಯಾಪ್‌ಟಾಪಿಗೆ ಪ್ರೆಸ್ಸಿನವರು ಲಿನಕ್ಸ್ ಹಾಕಿಸಿ ಅವಳ ಕೈಗೆ ದಾಟಿಸಿದ್ದರು.

“ನಗೂದಕ್ಕೆ ಎಂತ ಆಯ್ತು?” ಅಂದಳು ಕೊನೆಗೆ, ಪರದೆಯನ್ನೇ ನೋಡುತ್ತ.

“ನಿಮ್ಮನ್ನ ನೋಡಿ ನಕ್ಕಿದ್ದಲ್ಲ ಮಾರಾಯ್ರೆ. ಮೂರು ವಾರದಿಂದ ಅದು ಐವತ್ತೆಂಟಕ್ಕೇ ಸಾಯ್ತದೆ, ನೀವು ದಿನಾ ಅದನ್ನೇ ನಂಬ್ತೀರಿ.”

“ಮೂರು ವಾರದಿಂದ ನನ್ನ ಪರದೆ ನೋಡ್ತಾ ಇದ್ದೀರಿ ಅಂತಾಯ್ತು.”

ಅವನ ಕಿವಿ ಕೆಂಪಾಯಿತು. ಅದನ್ನು ನೋಡಲೆಂದೇ ಅವಳು ಈಗ ತಿರುಗಿದ್ದಳು. ಉದ್ದ ಮುಖ, ಎರಡು ದಿನದ ಗಡ್ಡ, ತುಂಬು ತೋಳಿನ ದೊಗಳೆ ಅಂಗಿ.

“ಮತ್ತೆ ಎಲ್ಲಿ ನೋಡೂದು? ಎದುರಿಗೆ ಗೋಡೆ, ಮೇಲೆ ಫ್ಯಾನು,” ಅಂದ. “ಆವತ್ತು ಪ್ಲಗ್ ತೆಗೀರಿ ಅಂದಿದ್ದು ಸಿಟ್ಟಿಂದ ಅಲ್ಲ. ಆ ಬೋರ್ಡಿಗೇ ನಿಮ್ಮ ಮೆಷಿನ್ನೂ ಇದೆ. ಲೋಡ್ ಜಾಸ್ತಿಯಾಗಿ ಟ್ರಿಪ್ ಆದ್ರೆ ನಿಮ್ಮ ರಕ್ತ ಪೈಪಲ್ಲೇ ನಿಲ್ತದೆ. ಹೆದರಿಕೆಗೆ ಹಾಗೆ ಬಂತು ಮಾತು.”

ಉಲ್ಲಾಸ ಯಲ್ಲಾಪುರ ತಾಲೂಕಿನ ನಂದೊಳ್ಳಿಯವನು. ಹನ್ನೆರಡು ವರ್ಷ ಮೊಬೈಲ್ ಟವರುಗಳ ಬ್ಯಾಟರಿ ನೋಡಿಕೊಳ್ಳುವ ಕೆಲಸ ಮಾಡಿದ್ದ. ಕಿರವತ್ತಿಯಿಂದ ಘಟ್ಟದ ಕೆಳಗಿನವರೆಗೆ ಯಾವ ಟವರಿನ ಬ್ಯಾಟರಿ ಎಷ್ಟು ತಾಸು ತಾಳುತ್ತದೆಂದು ಅವನಿಗೆ ಬಾಯಿಪಾಠ. ಬೆನ್ನುನೋವಿಗೆ ನುಂಗಿದ ಮಾತ್ರೆಗಳು ಕಿಡ್ನಿಯನ್ನು ತಿಂದವು. ಗೊತ್ತಾಗಿದ್ದ ಮದುವೆ ಅದರ ಹಿಂದೆಯೇ ಮುರಿದುಬಿತ್ತು. ಇದನ್ನೆಲ್ಲ ಅವನು ಆ ದಿನವೇ ಹೇಳಿಬಿಟ್ಟ. ಪಾಳಿ ಮುಗಿಯಲು ಇನ್ನೂ ಎರಡೂವರೆ ತಾಸಿತ್ತು, ಇಬ್ಬರೂ ಎದ್ದು ಹೋಗುವ ಹಾಗಿರಲಿಲ್ಲ.

“ಸರಿ ಮಾಡ್ಲಿಕ್ಕೆ ಆಗ್ತದಾ?” ಎಂದು ಕೇಳಿದಳು.

“ಬ್ಯಾಟರಿ ಹೊಸದಾಗೂದಿಲ್ಲ. ಸುಳ್ಳು ಹೇಳೂದನ್ನ ಬಿಡಿಸ್ಬಹುದು.”

ಬುಧವಾರ ಅವರಿಬ್ಬರ ನಡುವೆ ಒಂದು ಸ್ಟೂಲು ಬಂತು, ಸ್ಟೂಲಿನ ಮೇಲೆ ಲ್ಯಾಪ್‌ಟಾಪು. ಪರಿಮಳಾಳ ಎಡಗೈಗೆ ಸೂಜಿ, ಉಲ್ಲಾಸನ ಬಲಗೈಗೆ. ಸೂಜಿಯ ಕೈ ನಾಲ್ಕು ತಾಸು ಅಲ್ಲಾಡುವಂತಿಲ್ಲ. ಉಳಿದದ್ದು ಅವಳ ಬಲಗೈ, ಅವನ ಎಡಗೈ. ಇಬ್ಬರು ಸೇರಿದರೆ ಸರಿಯಾಗಿ ಒಬ್ಬ ಮನುಷ್ಯನಾಗುತ್ತಿತ್ತು.

“ನಾ ಕಂಟ್ರೋಲು, ಆಲ್ಟು ಒತ್ತಿ ಹಿಡೀತೆ. ನೀವು ಟಿ ಒತ್ತಿ.”

ಅವಳು ಒತ್ತಿದಳು. ಕಪ್ಪು ಟರ್ಮಿನಲ್ ತೆರೆಯಿತು. ಅವನು ಹೇಳಿದ, ಅವಳು ಟೈಪ್ ಮಾಡಿದಳು. ಎಡಗಡೆಯ ಅಕ್ಷರ ಬಂದರೆ ಅವನ ಬೆರಳು, ಬಲಗಡೆಯದಾದರೆ ಅವಳದು. ನಡುವಿನ ಸಾಲಿನಲ್ಲಿ ಬೆರಳು ತಾಗಿದಾಗ ಇಬ್ಬರೂ ಒಟ್ಟಿಗೆ ಕೈ ಹಿಂದೆಳೆದುಕೊಂಡರು, ಒಟ್ಟಿಗೇ ಮುಂದೆ ತಂದರು.

“ಪಾಸ್‌ವರ್ಡ್ ಕೇಳ್ತಿದೆ. ಅತ್ಲಾಗೆ ನೋಡಿ.”

ಅವನು ಗೋಡೆಗೆ ಮುಖ ಮಾಡಿದ. ಅವಳು ಟೈಪ್ ಮಾಡಿ ಮುಗಿಸಿಯೂ ಸುಮ್ಮನಿದ್ದಳು. ಅವನ ಕತ್ತಿನ ಹಿಂದೆ ಕೂದಲು ಸುರುಳಿಯಾಗಿ ಬೆಳೆದದ್ದು ಕಾಣಿಸುತ್ತಿತ್ತು.

“ಆಯ್ತಾ?”

“ಇಲ್ಲ, ಉದ್ದ ಇದೆ ಪಾಸ್‌ವರ್ಡು.”

ಪರದೆಯ ಮೇಲೆ ಸಂಖ್ಯೆಗಳು ಬಂದವು. ಉಲ್ಲಾಸ ಒಂದೊಂದಕ್ಕೂ ಬೆರಳಿಟ್ಟು ತೋರಿಸಿದ. ಹೊಸದಿದ್ದಾಗ ಈ ಬ್ಯಾಟರಿ ಹಿಡಿಯುತ್ತಿದ್ದದ್ದು ನಲವತ್ತೆಂಟು ಯೂನಿಟ್. ಈಗ ತುಂಬಿದರೆ ಮೂವತ್ತೊಂಬತ್ತು ಎಂದು ತಾನೇ ಹೇಳಿಕೊಳ್ಳುತ್ತಿದೆ.

“ಅದು ಯಾವತ್ತೋ ಹಾಕಿಟ್ಟ ಲೆಕ್ಕ. ಒಳಗೆ ಸವೆದುಹೋಗಿದೆ, ಅಷ್ಟು ಹಿಡಿಯೂದಿಲ್ಲ. ಆದ್ರೆ ಬ್ಯಾಟರಿಯ ಚಿಪ್ಪಿಗೆ ಹಳೇ ಸಂಖ್ಯೆನೇ ನೆನಪಲ್ಲಿ ಕೂತಿದೆ. ಪರ್ಸೆಂಟ್ ಹಾಕೂದೂ ಅದರ ಮೇಲೇ. ಲಿನಕ್ಸು ಪಾಪ, ಚಿಪ್ಪು ಹೇಳಿದ್ದನ್ನೇ ತೋರಿಸ್ತದೆ.”

“ಈಗ ಎಂತ ಮಾಡೂದು?”

“ಒಂದ್ಸಲ ಪೂರ್ತಿ ತುಂಬಿಸೂದು. ಆಮೇಲೆ ಪೂರ್ತಿ ಆರೂವರೆಗೆ ಬಿಡೂದು. ಆರಿದ್ಮೇಲೆ ಒಂದೆರಡು ತಾಸು ಮುಟ್ಟದೇ ಇಟ್ಟು ಮತ್ತೆ ಪೂರ್ತಿ ತುಂಬಿಸೂದು. ನಡುವೆ ಕರೆಂಟು ಹೋಗ್ಬಾರ್ದು. ಆಗ ಚಿಪ್ಪು ಹೊಸದಾಗಿ ಲೆಕ್ಕ ಕಲೀತದೆ.”

“ಕಲಿತು ಎಂತ ಉಪಯೋಗ? ಬ್ಯಾಟರಿ ಹೊಸದಾಗೂದಿಲ್ಲ ಅಂದ್ರಲ್ಲ.”

“ಹತ್ತು ಅಂತ ತೋರಿಸಿದ್ರೆ ಹತ್ತೇ ಇರ್ತದೆ. ಆರೂ ಮುಂಚೆ ಸೇವ್ ಮಾಡ್ಕಳ್ಳಿಕ್ಕೆ ಸಮಯ ಸಿಕ್ತದೆ. ಅಷ್ಟು ಸಾಲ್ದಾ?”

ನಡುವೆ ಕರೆಂಟು ಹೋಗಬಾರದು ಎನ್ನುವ ಷರತ್ತು ಸಿದ್ದಾಪುರದಲ್ಲಿ ಸಣ್ಣದಲ್ಲ. ಪರಿಮಳಾ ಮೂರು ಸಲ ತುಂಬಿಸಲು ಇಟ್ಟಳು, ಮೂರು ಸಲವೂ ನಡುವೆ ಹೋಯಿತು. ಪ್ರತಿ ಸಲ ಮೊದಲಿಂದ ಶುರು. ಅದರಿಂದ ಅವಳಿಗೆ ಬೇಸರವಾಗಲಿಲ್ಲ ಎಂಬುದನ್ನು ಅವಳ ತಂಗಿ ಸಮೃದ್ಧಿ ಗಮನಿಸಿದಳು. ಮನೆಯಲ್ಲಿರುವುದು ಅಕ್ಕತಂಗಿಯರಿಬ್ಬರೇ, ಏನೂ ಮುಚ್ಚಿಡುವ ಹಾಗಿಲ್ಲ.

“ಅಕ್ಕಾ, ಲ್ಯಾಪ್‌ಟಾಪು ರಿಪೇರಿ ಆಗದಿದ್ರೇ ನಿಂಗೆ ಖುಷಿ ಹೇಳಿ ಕಾಣ್ತು,” ಅಂದಳು.

ಮುಂದಿನ ತಿಂಗಳು ಈ ಸಮೃದ್ಧಿಯ ಒಂದು ಕಿಡ್ನಿ ಪರಿಮಳಾಳ ಹೊಟ್ಟೆಗೆ ಬರುವುದಿತ್ತು. ಎಲ್ಲ ಪರೀಕ್ಷೆ ಮುಗಿದು ಹೊಂದಾಣಿಕೆಯಾಗಿ ಮಂಗಳೂರಿನಲ್ಲಿ ಆಪರೇಷನ್ನಿನ ದಿನ ಗೊತ್ತಾಗಿತ್ತು. ಸೆಂಟರಿನಲ್ಲಿ ಈ ಸುದ್ದಿ ಕೇಳಿದ ದಿನ ಉಲ್ಲಾಸ ತನ್ನ ಪಾಲಿನ ಎರಡು ಗುಟುಕು ನೀರನ್ನು ಎತ್ತಿ ಹಿಡಿದು, “ಆಪರೇಷನ್ ಆದ್ಮೇಲೆ ಒಂದು ದೊಡ್ಡ ಲೋಟ ಮಾವಿನಕಾಯಿ ಅಪ್ಪೆಹುಳಿ ಕುಡೀರಿ. ನನ್ನ ಪಾಲಿಂದೂ ಸೇರಿಸಿ,” ಎಂದಿದ್ದ. ಕುಡಿಯುವ ನೀರನ್ನೂ ಅಳೆದು ಬದುಕುವವರಿಗೆ ಇದಕ್ಕಿಂತ ದೊಡ್ಡ ಹಾರೈಕೆ ಇಲ್ಲ.

“ನಿಮಗೆ?” ಎಂದು ಅವಳು ಕೇಳಿದ್ದಳು. ಅಣ್ಣನ ರಕ್ತದ ಗುಂಪು ಹೊಂದುವುದಿಲ್ಲ, ಕಿಡ್ನಿಗೆ ಕಾಯುವವರ ಸರಕಾರದ ಪಟ್ಟಿಯಲ್ಲಿ ಹೆಸರಿದೆ, ಅಷ್ಟೇ.

“ನಾ ಆರಾಮಿದ್ದೆ. ನೋಡಿ, ತೂಕ ಒಂದು ವರ್ಷದಿಂದ ಅಲ್ಲಾಡ್ಲಿಲ್ಲ. ಅರವತ್ತೊಂದು.”

“ನೀವು ಹುಷಾರಿಲ್ದೇ ಇದ್ರೆ ನಾ ಹೋಗೂದಿಲ್ಲ,” ಎಂದು ಅವಳು ನಗುತ್ತ ಅಂದಿದ್ದಳು. ನಗುತ್ತಲೇ ಅಂದರೂ ಅದು ನಿಜವಾಗಿತ್ತು. ಅವನಿಗೂ ಅದು ತಿಳಿಯಿತು. ಆ ದಿನದಿಂದ ಅವನು ಇನ್ನೂ ಹೆಚ್ಚು ಆರಾಮಾದ.

ಆ ವಾರ ಸೋಮವಾರ ಮೂರನೇ ಹಾಸಿಗೆಯಲ್ಲಿ ಮಲಗುತ್ತಿದ್ದ ಮಾಸ್ತರರೊಬ್ಬರು ಬರಲಿಲ್ಲ. ಬುಧವಾರವೂ ಬರಲಿಲ್ಲ. ಶುಕ್ರವಾರ ಆ ಹಾಸಿಗೆಗೆ ಹೊಸ ಚಾದರ ಬಂತು, ದಾಸನಕೊಪ್ಪದ ಒಬ್ಬ ಹೆಂಗಸು ಬಂದು ಮಲಗಿದಳು. ಯಾರೂ ಏನೂ ಕೇಳಲಿಲ್ಲ. ಖಾಲಿ ಹಾಸಿಗೆಯ ಬಗ್ಗೆ ಕೇಳಬಾರದು ಎಂದು ಅಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಪರಿಮಳಾಳ ಬಲಗೈ ಸ್ಟೂಲಿನ ಮೇಲಿತ್ತು. ಉಲ್ಲಾಸನ ಎಡಗೈ ಅದರ ಮೇಲೆ ಬಂದು ಕೂತಿತು, ಪಾಳಿ ಮುಗಿಯುವವರೆಗೂ ಏಳಲಿಲ್ಲ.

ಮರುವಾರ ಕೊನೆಗೂ ಬ್ಯಾಟರಿ ಪೂರ್ತಿ ತುಂಬಿತು. ಸೋಮವಾರ ಅದನ್ನು ಪೂರ್ತಿ ಆರಿಸುವ ದಿನ. ಲಿನಕ್ಸ್ ನಡೆಯುತ್ತಿದ್ದಾಗ ಐವತ್ತೆಂಟಕ್ಕೆ ಪಟ್ಟನೆ ಆರಿತು. ಉಲ್ಲಾಸ ಮತ್ತೆ ಚಾಲೂ ಮಾಡಿಸಿ, ಲಿನಕ್ಸ್ ಏಳುವ ಮೊದಲೇ ಬರುವ ನೀಲಿ ಸೆಟ್ಟಿಂಗ್ ಪರದೆಯಲ್ಲಿ ನಿಲ್ಲಿಸಿದ.

“ಇಲ್ಲಿ ಬಿಡೂದು. ಉಳಿದಿದ್ದು ಎಷ್ಟಿದ್ಯೋ ಅಷ್ಟೂ ಇಲ್ಲಿ ಆರ್ಲಿ.”

ನೀಲಿ ಬೆಳಕು ಅವನ ಮುಖದ ಮೇಲೆ ಬಿದ್ದಿತ್ತು. ಆ ಬೆಳಕಿನಲ್ಲಿ ಪರಿಮಳಾಳಿಗೆ ಅವನ ಗಲ್ಲದ ಎಲುಬು ಕಂಡಿತು. ಮೊದಲ ದಿನ ಉದ್ದ ಮುಖ ಎಂದುಕೊಂಡಿದ್ದಳು. ಮುಖ ಉದ್ದವಿರಲಿಲ್ಲ, ಕರಗಿತ್ತು. ದೊಗಳೆ ಅಂಗಿಯೂ ಒಂದು ಕಾಲಕ್ಕೆ ಮೈಗೆ ಸರಿಯಾಗಿದ್ದ ಅಂಗಿಯೇ ಇರಬೇಕು. ಕೈಗಡಿಯಾರ ಮಣಿಕಟ್ಟು ಬಿಟ್ಟು ಮೊಣಕೈಯತ್ತ ಜಾರುತ್ತಿತ್ತು. ಹಾಸಿಗೆಯಾಚೆ ಚಾಚಿದ ಪಾದಗಳು ಮಾತ್ರ ಉಬ್ಬಿದ್ದವು, ಚಪ್ಪಲಿಯ ಪಟ್ಟಿ ಒತ್ತಿದ ಕಡೆ ಗುಂಡಿ ಬಿದ್ದಿತ್ತು. ಗೋಡೆಯ ಬೋರ್ಡಿನಲ್ಲಿ ಅವನ ಹೆಸರಿನ ಮುಂದೆ ಅರವತ್ತೊಂದು ಎಂದಿತ್ತು.

ಆ ಅರವತ್ತೊಂದಕ್ಕೆ ಅಲ್ಲಿ ಡ್ರೈ ವೇಟ್ ಅನ್ನುತ್ತಾರೆ. ಹೆಚ್ಚಿನ ನೀರೆಲ್ಲ ತೆಗೆದ ಮೇಲೆ ಉಳಿಯುವ ತೂಕ. ಮೆಷಿನ್ನು ಮನುಷ್ಯನನ್ನು ಆ ಸಂಖ್ಯೆಗೆ ತಂದು ನಿಲ್ಲಿಸುತ್ತದೆ, ಅಲ್ಲಿಗೆ ಆವತ್ತಿನ ಕೆಲಸ ಮುಗಿಯಿತು. ಸಂಖ್ಯೆ ಬರೆದದ್ದು ಯಾವಾಗ ಎಂದು ಮೆಷಿನ್ನು ಕೇಳುವುದಿಲ್ಲ.

“ಉಲ್ಲಾಸ,” ಅಂದಳು. “ಆ ಅರವತ್ತೊಂದು ಯಾವಾಗ ಬರೆದಿದ್ದು?”

“ಹೋದ ವರ್ಷ. ಎಂತಕ್ಕೆ?”

“ಬೆಲ್ಟಿಗೆ ಎಷ್ಟು ಹೊಸ ತೂತು ಹೊಡೆದಿದ್ದೀರಿ?”

ಅವನ ಎಡಗೈ ಅಂಗಿಯನ್ನು ಬೆಲ್ಟಿನ ಮೇಲೆ ಎಳೆಯಿತು.

“ಮೈ ಇಳಿದಿದೆ. ತೂಕ ಇಳೀಲಿಲ್ಲ. ಹಾಗಾದ್ರೆ ಆ ತೂಕದಲ್ಲಿ ಇರೂದು ಎಂತ?” ಅವಳ ದನಿ ಸಣ್ಣದಾಯಿತು. “ರಾತ್ರಿ ಹೇಗೆ ಮಲಗ್ತೀರಿ?”

“ಆರಾಮ್ ಮಲಗ್ತೆ.”

“ಸುಳ್ಳು ಹೇಳಬೇಡ. ಎಷ್ಟು ದಿಂಬು ಇಟ್ಕಂಡು ಮಲಗ್ತೆ?”

ನೀವು ಹೋಗಿ ನೀನು ಬಂದದ್ದು ಅವಳಿಗೆ ತಿಳಿಯಲಿಲ್ಲ. ಅವನಿಗೆ ತಿಳಿಯಿತು.

“ಮಲಗೂದಿಲ್ಲ,” ಅಂದ ಉಲ್ಲಾಸ. “ಎರಡು ತಿಂಗಳಾಯ್ತು. ಅಡ್ಡಾದ್ರೆ ಉಸಿರು ಕಟ್ತದೆ. ಗೋಡೆಗೆ ಒರಗಿ ಕೂತಿರ್ತೆ.”

“ಹೇಳ್ಲಿಕ್ಕೆ ಎಂತ ಆಗಿತ್ತು ನಿಂಗೆ?”

“ಹೇಳಿದ್ರೆ ನೀ ಹೋಗ್ತಿರ್ಲಿಲ್ಲ.”

ಪರಿಮಳಾಳಿಗೆ ಅವನನ್ನು ಹೊಡೆಯಬೇಕೆನ್ನಿಸಿತು, ಅವನ ತಲೆಯನ್ನು ಎದೆಗೆ ಒತ್ತಿಕೊಳ್ಳಬೇಕೆಂದೂ ಅನ್ನಿಸಿತು. ಎರಡಕ್ಕೂ ಎದ್ದು ಕೂರಬೇಕು, ಎಡಗೈಯ ಸೂಜಿ ಬಿಡಲಿಲ್ಲ. ಅವಳು ಟೆಕ್ನಿಷಿಯನ್ ಸತೀಶನನ್ನು ಕೂಗಿದಳು. ಹಾವೇರಿ ಕಡೆಯ ಸತೀಶ ಓಡಿ ಬಂದು, “ಏನಾತ್ರಿ ಅಕ್ಕಾರ?” ಎಂದು ಕೇಳಿದ. ಅವಳು ಹೇಳಿದ್ದನ್ನೆಲ್ಲ ಕೇಳಿ, ಉಲ್ಲಾಸನ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿ, ಗುಂಡಿ ತುಂಬಿಕೊಳ್ಳುವುದನ್ನು ಕಾಯುತ್ತ ನಿಂತ. ಅದು ತುಂಬಿಕೊಳ್ಳಲಿಲ್ಲ.

“ನಾ ನೋಡಬೇಕಿತ್ರಿ,” ಅಂದ. “ತೂಕ ಸರಿ ಬರ್ತಿತ್ತಂತ ನೋಡ್ಲೇ ಇಲ್ರಿ.”

ಹುಬ್ಬಳ್ಳಿಯ ಡಾಕ್ಟರಿಗೆ ಫೋನು ಹೋಯಿತು. ಮುಂದಿನ ಐದು ಪಾಳಿಗಳಲ್ಲಿ ಸ್ವಲ್ಪ ಸ್ವಲ್ಪವೇ ನೀರು ಇಳಿಸಿದರು. ಕಾಲಿನ ಮೀನಖಂಡ ಹಿಡಿದು ಅವನು ಹಲ್ಲು ಕಚ್ಚಿದಾಗಲೆಲ್ಲ ಅವಳು ಬಲಗೈ ಚಾಚಿದಳು, ಅವನು ಎಡಗೈಯಲ್ಲಿ ಅದನ್ನು ಹಿಂಡಿದ. ಅರವತ್ತೊಂದು ಐವತ್ತೈದಾಯಿತು. ಆರು ಕೇಜಿ ನೀರನ್ನು ಅವನು ಆರೋಗ್ಯವೆಂದು ಹೊತ್ತು ತಿರುಗಿದ್ದ. ಶುಕ್ರವಾರ ಬಂದು, “ಒಂದೇ ದಿಂಬು. ಬೆಳಕಾದದ್ದೇ ಗೊತ್ತಾಗ್ಲಿಲ್ಲ,” ಅಂದ. ಅವಳು ಆ ದಿನವಿಡೀ ಕಾರಣವಿಲ್ಲದೆ ನಗುತ್ತಿದ್ದಳು.

ಶನಿವಾರ ಡಾಕ್ಟರು ಸೆಂಟರಿಗೆ ಬಂದಾಗ ಉಲ್ಲಾಸನನ್ನು ಕರೆಸಿ, ಅವನಿಗೆ ಮಾಡಿಸಿದ್ದ ಹೃದಯದ ಪರೀಕ್ಷೆಯ ಕಾಗದ ನೋಡಿದರು. ಇಷ್ಟು ತಿಂಗಳು ನೀರು ಹೊತ್ತು ಹೃದಯ ಹಿಗ್ಗಿದೆ, ಅದರ ಬಲ ಮೂರನೇ ಒಂದು ಭಾಗದಷ್ಟೇ ಉಳಿದಿದೆ ಎಂದರು. ಮೊದಲಿನ ಹಾಗಾಗುತ್ತದೆಯೇ ಎಂದು ಅವನು ಕೇಳಿದ. ಅವರು ಕನ್ನಡಕ ಒರೆಸಿಕೊಂಡರು.

ಸೋಮವಾರ ಲ್ಯಾಪ್‌ಟಾಪಿನ ಬ್ಯಾಟರಿ ಮತ್ತೆ ಪೂರ್ತಿ ತುಂಬಿದ ಮೇಲಿನ ಹೊಸ ಲೆಕ್ಕವನ್ನು ಇಬ್ಬರೂ ನೋಡಿದರು. ನಲವತ್ತೆಂಟರಲ್ಲಿ ಹದಿನೇಳು.

“ನಂದೂ ಇದ್ರದ್ದೂ ಮೂರನೇ ಒಂದು ಭಾಗ,” ಅಂದ ಉಲ್ಲಾಸ. “ಜೋಡಿ ಸರಿಯಾಗಿದೆ.”

“ಬಾಯಿ ಮುಚ್ಚು. ನಾ ಆಪರೇಷನ್ನಿಗೆ ಹೋಗೂದಿಲ್ಲ.”

“ಹೋಗ್ತೆ ನೀನು.”

“ಮೂರು ತಿಂಗಳು ಅಲ್ಲೇ ಇರ್ಬೇಕು. ವಾಪಸ್ ಬಂದು ನಿನ್ನ ಹಾಸಿಗೆಗೆ ಹೊಸ ಚಾದರ ನೋಡ್ಲಾ?”

ಉಲ್ಲಾಸ ಅವಳ ಬಲಗೈಯನ್ನು ಹಿಡಿದುಕೊಂಡ. ಆಮೇಲೆ, “ಪರಿಮಳಾ, ಇಲ್ಲಿಂದ ಗುಣ ಆಗಿ ಎದ್ದು ಹೋದವರನ್ನ ನಾ ಇನ್ನೂ ನೋಡ್ಲಿಲ್ಲ. ಎತ್ಕಂಡು ಹೋದವರನ್ನೇ ನೋಡಿದ್ದು. ನೀ ಆ ಬಾಗಿಲಲ್ಲಿ ನಡೆದು ಹೋಗೂದನ್ನ ನಂಗೆ ನೋಡ್ಬೇಕು. ನಿನ್ನ ಮೇಲೆ ನಂಗೆ ಎಷ್ಟು ಪ್ರೀತಿ ಇದ್ಯೋ, ಅದರಲ್ಲಿ ಕೇಳೂದು ಇದೊಂದೇ,” ಎಂದ.

ಪ್ರೀತಿ ಎನ್ನುವ ಮಾತು ಅವರಿಬ್ಬರ ನಡುವೆ ಬಂದದ್ದು ಅದೇ ಮೊದಲು. ಅವಳಿಗೆ ಕಣ್ಣೊರೆಸಿಕೊಳ್ಳಲು ಇದ್ದದ್ದು ಒಂದು ಕೈ, ಅದು ಅವನ ಕೈಯಲ್ಲಿತ್ತು.

“ಹೋಗ್ತೆ,” ಅಂದಳು ಕೊನೆಗೆ. “ಪಾಳಿ ಇದ್ದ ದಿನ ಎರಡು ಲೆಕ್ಕ ಕಳಿಸ್ಬೇಕು. ತೂಕ ಎಷ್ಟು, ಹಿಂದಿನ ರಾತ್ರಿ ಎಷ್ಟು ದಿಂಬು. ಆರಾಮ್ ಅಂತ ಬರೀಬಾರ್ದು. ಸುಳ್ಳು ಹೇಳಿದ್ದು ಗೊತ್ತಾದ್ರೆ ಹೊಲಿಗೆ ಬಿಚ್ಚಿ ಹೋದ್ರೂ ಎದ್ದು ಬರ್ತೆ.”

ಅವಳು ನಡೆದುಹೋದಳು. ಅವನು ನೋಡಿದ.

ಮಂಗಳೂರಿನಲ್ಲಿ ಎಲ್ಲ ಸರಿಹೋಯಿತು. ತಂಗಿಯ ಕಿಡ್ನಿ ಮೊದಲ ದಿನದಿಂದಲೇ ಕೆಲಸ ಹಿಡಿಯಿತು. ನೀರು ಕುಡಿಯಿರಿ, ಇನ್ನೂ ಕುಡಿಯಿರಿ ಎಂದು ನರ್ಸು ಹೇಳಿದಾಗ ಪರಿಮಳಾ ಲೋಟ ಹಿಡಿದು ಅತ್ತಳು. ಆಸ್ಪತ್ರೆಯ ಹತ್ತಿರವೇ ಒಂದು ಬಾಡಿಗೆ ಕೋಣೆ, ಮುಖಕ್ಕೆ ಮಾಸ್ಕು, ಯಾರೂ ಬರುವಂತಿಲ್ಲ. ಸೋಮ, ಬುಧ, ಶುಕ್ರ ಮಧ್ಯಾಹ್ನ ಫೋನು ಸಣ್ಣಗೆ ಅಲ್ಲಾಡುತ್ತಿತ್ತು.

ಐವತ್ತೈದು. ಒಂದು ದಿಂಬು.

ಐವತ್ತೈದು. ಒಂದು ದಿಂಬು. ಸತೀಶ ಮೀಸೆ ಬಿಟ್ಟಿದ್ದಾನೆ, ಚೆನ್ನಾಗಿ ಕಾಣ್ತಿಲ್ಲ.

ಐವತ್ನಾಲ್ಕೂವರೆ. ಒಂದು ದಿಂಬು. ಅಪ್ಪೆಹುಳಿ ಕುಡಿದ್ಯಾ?

ಐದು ವಾರ ಹೀಗೆ ಬಂತು. ಆರನೆಯ ವಾರ ಎರಡು ದಿಂಬಾಯಿತು. ಅವಳು ಫೋನು ಮಾಡಿದಳು, ಅವನು ನಗಿಸಿದ. ಹತ್ತನೆಯ ವಾರ, ಐವತ್ಮೂರು, ಮೂರು ದಿಂಬು ಎಂದು ಬಂತು. ಮುಂದೆ ಏನೂ ಬರೆದಿರಲಿಲ್ಲ. ಸತೀಶನಿಗೆ ಫೋನು ಮಾಡಿದಳು. ನೀರಲ್ಲರಿ ಅಕ್ಕಾರ, ಈ ಸಲ ಹೃದಯಾರಿ ಎಂದು ಅವನು ಮೆಲ್ಲಗೆ ಹೇಳಿದ.

ಸುಳ್ಳನ್ನಾದರೂ ಹೇಳಬಾರದಿತ್ತೇ ಎಂದು ಆ ಸಂಜೆ ಅವಳಿಗೆ ಅನ್ನಿಸಿತು. ಕೇಳಿ ಪಡೆದ ನಿಜ ಅದು. ತಾನೇ ಕೈಗೆ ಕಟ್ಟಿಕೊಂಡ ಹಗ್ಗದ ಹಾಗೆ ಅದು ಕೈ ಕೊಯ್ಯುತ್ತಿತ್ತು.

ಹನ್ನೆರಡನೆಯ ವಾರ ಡಾಕ್ಟರು ಊರಿಗೆ ಹೋಗಲು ಬಿಟ್ಟರು. ಜನರ ಗುಂಪಿಗೆ ಹೋಗಬೇಡಿ, ಕಾಯಿಲೆಯವರ ಹತ್ತಿರ ಸುಳಿಯಬೇಡಿ, ಮಾಸ್ಕು ತೆಗೆಯಬೇಡಿ ಎಂದರು. ಗುರುವಾರ ಬೆಳಿಗ್ಗೆ ಅಕ್ಕತಂಗಿಯರು ಬಾಡಿಗೆ ಕಾರಿನಲ್ಲಿ ಹೊರಟರು. ಕುಮಟೆ ಬಂದಾಗ ಡ್ರೈವರು ಬಲಕ್ಕೆ, ಘಟ್ಟ ಹತ್ತುವ ದಾರಿಗೆ ತಿರುಗಿಸಲು ಹೋದ.

“ತಿರುಗಿಸಬೇಡಿ,” ಅಂದಳು ಪರಿಮಳಾ. “ಸೀದಾ ಅಂಕೋಲೆಗೆ ಹೋಗಿ, ಅಲ್ಲಿಂದ ಯಲ್ಲಾಪುರ.”

ಸಮೃದ್ಧಿ ಅಕ್ಕನ ಮುಖ ನೋಡಿದಳು. “ಡಾಕ್ಟರು ಎಂತ ಹೇಳಿದ್ದು ನೆನಪಿದ್ದಾ? ಅಲ್ಲಿ ಎಂತಾರೂ ಅಂಟಿದ್ರೆ ಎನ್ನ ಕಿಡ್ನಿನೂ ಹೋಗ್ತು.”

“ನೆನಪಿದ್ದು. ಮಾಸ್ಕು ಎರಡು ಹಾಕ್ಯತ್ತೆ. ಆನು ಹೋಗದೇ ಇದ್ರೆ ನೀ ಕೊಟ್ಟಿದ್ದು ಇಟ್ಕಂಡು ಎಂತ ಮಾಡ್ಲಿ?”

ಸಮೃದ್ಧಿ ಚೀಲದಿಂದ ಇನ್ನೊಂದು ಮಾಸ್ಕು ತೆಗೆದು ಅಕ್ಕನ ಕಿವಿಗೆ ತಾನೇ ಸಿಕ್ಕಿಸಿದಳು.

ನಂದೊಳ್ಳಿಯಲ್ಲಿ ಬಾಗಿಲು ತೆರೆದವಳು ಉಲ್ಲಾಸನ ಅತ್ತಿಗೆ ಹೊನ್ನಿ. ಯಾರು ಎಂದು ಕೇಳಲಿಲ್ಲ. “ಲೆಕ್ಕದವ್ರು ಅಲ್ದಾ? ಬನ್ನಿ. ಪಾಳಿ ಇದ್ದ ದಿನ ಬಂದ ಕೂಡ್ಲೇ ಅವಂಗೆ ಫೋನು ಬೇಕು, ದಿಂಬು ಲೆಕ್ಕ ಹಾಕಿ ಬರೂದೊಂದೇ ಕೆಲ್ಸ,” ಎಂದು ಒಳಗೆ ಕರೆದಳು.

ಕಿಟಕಿಯ ಹತ್ತಿರ ಮಂಚ, ಗೋಡೆಗೆ ಮೂರು ದಿಂಬು, ದಿಂಬಿಗೆ ಒರಗಿ ಉಲ್ಲಾಸ. ಮಧ್ಯಾಹ್ನದ ಬಿಸಿಲು ಅವನ ಕಾಲಮೇಲಿತ್ತು. ಇವಳನ್ನು ನೋಡಿ ಅಂಗಿಯ ಗುಂಡಿ ಹಾಕಿಕೊಳ್ಳಲು ಹೋದ, ಬೆರಳು ಬೇಗ ಓಡಲಿಲ್ಲ.

“ನೀ ಬರಬಾರದಿತ್ತು,” ಅಂದ. ಎರಡು ಶಬ್ದಕ್ಕೊಮ್ಮೆ ಉಸಿರು ಬೇಕಾಗುತ್ತಿತ್ತು. “ಸುಳ್ಳು ಹೇಳ್ಲಿಲ್ಲ ನಾನು.”

“ಸುಳ್ಳು ಹೇಳಿದ್ರೆ ಬರ್ತೆ ಅಂದಿದ್ದೆ. ನಿಜ ಹೇಳಿದ್ರೆ ಬರೂದಿಲ್ಲ ಅಂತ ಹೇಳಿರ್ಲಿಲ್ಲ.”

ಅವನ ಮುಖದಲ್ಲಿ ಹಳೆಯ ನಗು ಬಂತು. ಮಾಸ್ಕಿನ ಮೇಲೆ ಕಾಣುತ್ತಿದ್ದ ಅವಳ ಕಣ್ಣನ್ನೇ ನೋಡುತ್ತ, “ಮುಖ ದಪ್ಪ ಆಗಿದೆ,” ಅಂದ.

“ಮಾತ್ರೆಯಿಂದ. ಚೆನ್ನಾಗಿಲ್ವಾ?”

“ಅರ್ಧ ಮುಚ್ಕಂಡಿದ್ದೀಯಲ್ಲ. ಕಂಡಷ್ಟು ಚೆನ್ನಾಗಿದೆ.”

ಪರಿಮಳಾ ಚೀಲದಿಂದ ಲ್ಯಾಪ್‌ಟಾಪು ತೆಗೆದಳು. ಒಂದು ದಿಂಬನ್ನು ಎಳೆದು ಪಕ್ಕಕ್ಕಿಟ್ಟು, ಆ ಜಾಗದಲ್ಲಿ ತಾನು ಕೂತಳು. ಅವನ ಬೆನ್ನು ಅವಳ ಹೆಗಲಿಗೆ ಒರಗಿತು. ತೂಕವೇ ಇರಲಿಲ್ಲ. ಎದೆಯೊಳಗೆ ಉಸಿರು ಹತ್ತಿ ಇಳಿಯುವುದು ಅವಳ ತೋಳಿಗೆ ತಿಳಿಯುತ್ತಿತ್ತು.

ಪರದೆಯ ಮೇಲೆ ಅವಳು ಮಂಗಳೂರಿನ ಕೋಣೆಯಲ್ಲಿ ಮಾಡಿದ ಒಂದು ಕಾಗದವಿತ್ತು. ಹತ್ತು ವರ್ಷದಲ್ಲಿ ಊರವರ ಲಗ್ನಪತ್ರಿಕೆಗಳನ್ನೆಲ್ಲ ಟೈಪ್ ಮಾಡಿದ್ದಳು. ಇದರಲ್ಲಿ ಅಜ್ಜ ಅಜ್ಜಿಯರಿಲ್ಲ, ಸೋದರಮಾವಂದಿರಿಲ್ಲ, ಊಟದ ಹೊತ್ತಿಲ್ಲ. ಮೇಲೆ ಅವಳ ಹೆಸರು, ಕೆಳಗೆ ಅವನ ಹೆಸರು, ನಡುವೆ ಮದುವೆ ಎಂಬ ಒಂದು ಶಬ್ದ.

ಉಲ್ಲಾಸ ತುಂಬ ಹೊತ್ತು ಓದಿದ. ಓದಲು ಅಷ್ಟೇನೂ ಇರಲಿಲ್ಲ.

“ಹುಚ್ಚಾ ನಿಂಗೆ? ನಂಗೆ ಎಷ್ಟು ದಿನ ಅಂತ ಗೊತ್ತಿದ್ದೂ?”

“ಗೊತ್ತಿದ್ದೇ. ನೀ ಹೇಳಿದ್ದಕ್ಕೇ ಗೊತ್ತು. ಹೇಳದೇ ಇದ್ದಿದ್ರೆ ನಾ ಇವತ್ತು ಸಿದ್ದಾಪುರಕ್ಕೆ ಹೋಗಿ, ಆಪರೇಷನ್ ಆಯ್ತು ಅಂತ ಪಾಯಸ ಮಾಡ್ತಾ ಕೂತಿರ್ತಿದ್ದೆ.”

ಅವನು ಕಣ್ಣು ಮುಚ್ಚಿದ. ರೆಪ್ಪೆಯ ಕೆಳಗಿನಿಂದ ಇಳಿದದ್ದನ್ನು ಅವಳು ತನ್ನ ಸೆರಗಿನಲ್ಲಿ ಒರೆಸಿದಳು. ಬಾಗಿಲ ಹೊರಗೆ ನಿಂತ ಸಮೃದ್ಧಿ ಅಂಗಳದ ಕಡೆ ತಿರುಗಿಕೊಂಡಳು.

“ಒಂದು ತಪ್ಪಿದೆ,” ಅಂದ ಉಲ್ಲಾಸ ಕೊನೆಗೆ. “ತಾರೀಖು ಹಾಕ್ಲಿಲ್ಲ.”

“ಯಾವುದು ಹಾಕ್ಲಿ?”

“ಮುಂದಿಂದು ಬೇಡ. ಇವತ್ತಿಂದೇ ಹಾಕು.”

ಅವಳು ಹಾಕಿದಳು. ಈಗ ನಾಲ್ಕೂ ಕೈ ಬಿಡುವಾಗಿದ್ದವು. ಆದರೂ ಅಭ್ಯಾಸಬಲದಿಂದ ಅವಳು ಬಲಗೈಯನ್ನೇ ಮುಂದೆ ತಂದಳು, ಅವನು ಎಡಗೈಯನ್ನು. ಪರದೆಯ ಮೂಲೆಯಲ್ಲಿ ಸಣ್ಣ ಕೆಂಪು ಗುರುತು ಮೂಡಿತು.

“ಎಷ್ಟು ತೋರಿಸ್ತದೆ?” ಎಂದು ಕೇಳಿದ. ಅವನಿಗೆ ಅಷ್ಟು ಸಣ್ಣ ಅಕ್ಷರ ಕಾಣುತ್ತಿರಲಿಲ್ಲ.

“ಹತ್ತು.”

“ಹಾಗಾದ್ರೆ ಹತ್ತೇ ಇದೆ. ಅವಸರ ಇಲ್ಲ. ಸೇವ್ ಮಾಡು.”

ಉಲ್ಲಾಸ ಕಂಟ್ರೋಲ್ ಒತ್ತಿ ಹಿಡಿದ. ಪರಿಮಳಾ ಎಸ್ ಒತ್ತಿದಳು.